ಕೊಕ್ಕರೆ ಕಾಲಿಗೊಂದು ಸೈಕಲ್ಲು

ನನ್ನ ಎತ್ತರ 172 ಸೆಂಟಿಮೀಟರು. ಅದರಲ್ಲಿ ಸರಿಯಾಗಿ ಅರ್ಧ, ಅಂದ್ರೆ 86, ಬರೀ ಕಾಲು! ಚಿಕ್ಕವನಿದ್ದಾಗ ಅಜ್ಜಿ 'ಕೊಕ್ಕರೆ' ಅಂತಲೇ ಕರೀತಿದ್ರು. ಪ್ಯಾಂಟು ಹೊಲಿಸೋಕೆ ಹೋದ್ರೆ ಟೈಲರು ಟೇಪನ್ನ ಎರಡೆರಡು ಸಲ ಹಿಡಿದು ನೋಡ್ತಿದ್ದ. ಅಷ್ಟು ಬಿಟ್ರೆ ನಲವತ್ತು ವರ್ಷ ಈ ಕಾಲುಗಳಿಂದ ಯಾರಿಗೂ ಏನೂ ತೊಂದ್ರೆ ಆಗಿರ್ಲಿಲ್ಲ. ಟ್ರಯಥ್ಲಾನ್ ಹುಚ್ಚು ಹತ್ತಿದ ಮೇಲೆ ಶುರುವಾಯ್ತು ನೋಡಿ ಕಥೆ.

ಗೋವಾದಲ್ಲಿ 2019ರಿಂದ 'ಐರನ್‌ಮ್ಯಾನ್ 70.3' ಅಂತ ಒಂದು ಸ್ಪರ್ಧೆ ನಡೀತಿದೆ. ಸಮುದ್ರದಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್ಲು, ಅದಾದ ಮೇಲೆ 21.1 ಕಿ.ಮೀ. ಓಟ. ಎಲ್ಲಾ ಸೇರಿಸಿದ್ರೆ 70.3 ಮೈಲಿ, ಅದಕ್ಕೇ ಆ ಹೆಸರು. 2023ರ ಸ್ಪರ್ಧೆಗೆ ದುಡ್ಡು ಕಟ್ಟಿ ಹೆಸರು ಬರೆಸಿದ್ದೆ. ಇಲ್ಲಿ ಮುಂದಿನವನ ಬೆನ್ನ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸ್ಕೊಳ್ಳೋ ಹಾಗಿಲ್ಲ. 90 ಕಿ.ಮೀ. ಪೂರ್ತಿ ಗಾಳಿಯನ್ನ ನೀವೊಬ್ರೇ ಸೀಳಬೇಕು. ಅದಕ್ಕೇ ಟ್ರಯಥ್ಲಾನ್ ಸೈಕಲ್ಲಿನಲ್ಲಿ ಹ್ಯಾಂಡಲ್ ಮೇಲೆ ಎರಡು ಮೆತ್ತನೆ ಪ್ಯಾಡು, ಅದರಿಂದ ಮುಂದಕ್ಕೆ ಚಾಚಿದ ಎರಡು ಕೋಲು ಇರತ್ತೆ. ಏರೋ ಬಾರ್ ಅಂತಾರೆ. ಮೊಣಕೈ ಪ್ಯಾಡಿನ ಮೇಲಿಟ್ಟು, ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ ಮೂರು ಗಂಟೆ ಹಾಗೇ ಇರಬೇಕು.

ಈ ಏರೋ ಬಾರ್ ಜಗತ್ಪ್ರಸಿದ್ಧ ಆಗಿದ್ದು 1989ರ ಟೂರ್ ಡಿ ಫ್ರಾನ್ಸಿನಲ್ಲಿ. ಕೊನೇ ದಿನ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದ. ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ಏರೋ ಬಾರ್ ಹಾಕ್ಕೊಂಡು ಹೊಡೆದು, ಫಿನ್ಯೋನ್‌ನನ್ನ ಒಟ್ಟಾರೆ 8 ಸೆಕೆಂಡಿನಲ್ಲಿ ಸೋಲಿಸಿದ. ಆದ್ರೆ ಟ್ರಯಥ್ಲಾನ್‌ನವರು ಅದನ್ನ ಮೊದಲೇ ಬಳಸ್ತಿದ್ರು ಅನ್ನೋದು ನಮ್ಮ ಕಡೆಯವರ ಹೆಮ್ಮೆ :)

ಇರ್ಲಿ, ನನ್ನ ಕಾಲಿನ ವಿಷಯಕ್ಕೆ ಬರ್ತೀನಿ. ನನ್ನ ಗೆಳೆಯನೊಬ್ಬನ ಹತ್ರ ಟ್ರಯಥ್ಲಾನ್ ಸೈಕಲ್ ಇತ್ತು. ಅವನೂ ನಾನೂ ಗೋಡೆಗೆ ಒತ್ತಿ ನಿಂತ್ರೆ ಒಂದೇ ಎತ್ತರ. "ತಗೊಂಡ್ ಹೋಗ್ ಗುರೂ, ಒಂದ್ ತಿಂಗಳು ಓಡ್ಸು, ಆಮೇಲೆ ಹೊಸದು ತಗೊಳ್ಳೋದು ಯೋಚ್ನೆ ಮಾಡು" ಅಂದ. ಅವನು ಅದರ ಮೇಲೆ ಸೋಫಾದಲ್ಲಿ ಕೂತಂಗೆ ಕೂರ್ತಾನೆ. ನಾನು ಸೀಟು ಎತ್ತರಿಸ್ಕೊಂಡು ಕನಕಪುರ ರಸ್ತೇಲಿ ಹಾರೋಹಳ್ಳಿ ತನಕ ಹೋಗೋಷ್ಟರಲ್ಲಿ ಕತ್ತು ಮರದ ತುಂಡು. ಬಲಗೈ ಕಿರುಬೆರಳು ಜೋಮು. ಪ್ರತಿ ಐದು ನಿಮಿಷಕ್ಕೆ ಸೀಟಿನ ಮೂತಿಗೆ ಜಾರ್ತಿದ್ದೆ. ಅಲ್ಲಿ ಏನೇನು ಜೋಮು ಹಿಡೀತು ಅಂತ ಬರೆಯೋದು ಬೇಡ ಬಿಡಿ. ಮೂರು ವಾರ ಹೀಗೇ ಆದ ಮೇಲೆ ಡಾಕ್ಟ್ರ ಹತ್ರ ಹೋದ್ರೆ, ಎಕ್ಸ್‌ರೇ ನೋಡಿ "ಮೂಳೆ ಎಲ್ಲಾ ಸರಿಯಾಗಿದೆ, ಸೈಕಲ್ ಬಿಟ್ಟು ಬರೀ ಓಡಿ" ಅಂದ್ರು. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ನನ್ನ ದೇಹಾನೇ ಈ ಆಟಕ್ಕೆ ಆಗಿಬರೋದಲ್ವೇನೋ ಅನ್ನಿಸಿಬಿಡ್ತು.

ಅಂಗಡಿಯಲ್ಲಿ ಕೇಳಿದ್ರೆ ಗೋಡೆ ಮೇಲಿನ ಪಟ್ಟಿ ತೋರಿಸಿದ್ರು. "ಸಾರ್, 172ಕ್ಕೆ ಮೀಡಿಯಮ್ಮೇ. ಕರೆಕ್ಟಾಗಿ ಕೂರತ್ತೆ". ಗೆಳೆಯನದೂ ಮೀಡಿಯಮ್ಮೇ!

ಮನೆಗೆ ಬಂದು ಇಬ್ರೂ ಅಳತೆ ತಗೊಂಡ್ವಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಾಲ ಮಧ್ಯೆ ದಪ್ಪ ರಟ್ಟಿನ ಪುಸ್ತಕ ಇಟ್ಕೊಂಡು ಸೀಟಿನಷ್ಟು ಗಟ್ಟಿಯಾಗಿ ಮೇಲಕ್ಕೆ ಒತ್ತಬೇಕು. ಪುಸ್ತಕದ ಮೇಲಂಚಿನಿಂದ ನೆಲದವರೆಗಿನ ಅಳತೆಯೇ ಕಾಲಿನ ಉದ್ದ. ನಂದು 86, ಅವನದು 79. ಇದನ್ನ 0.883ರಿಂದ ಗುಣಿಸಿದ್ರೆ ಪೆಡಲ್ಲಿನ ನಡು ಅಚ್ಚಿನಿಂದ ಸೀಟಿನ ಎತ್ತರ ಬರತ್ತೆ ಅನ್ನೋದೊಂದು ಹಳೇ ಸೂತ್ರ, ಅದೇ ಲೆಮಾಂಡ್ ಹೆಸರಿನದು. ಹತ್ತಿರದ ಲೆಕ್ಕ ಅಷ್ಟೇ, ಆದ್ರೆ ಹೋಲಿಸೋಕೆ ಸಾಕು. ನನಗೆ 76, ಅವನಿಗೆ 70. ಆರು ಸೆಂಟಿಮೀಟರು ವ್ಯತ್ಯಾಸ!

ಈಗ ಮಜಾ ನೋಡಿ. ಅವನ ಸೀಟಿಗಿಂತ ಮೊಣಕೈ ಪ್ಯಾಡು 8 ಸೆಂ.ಮೀ. ಕೆಳಗಿತ್ತು. ನಾನು ಸೀಟನ್ನ ಆರು ಏರಿಸಿದ್ರೆ ಪ್ಯಾಡು 14 ಕೆಳಗಾಯ್ತು. ಸೀಟಿನ ಕೊಳವೆ ಹಿಂದಕ್ಕೆ ವಾಲಿರೋದ್ರಿಂದ, ಮೇಲೆ ಏರಿಸಿದಷ್ಟೂ ಸೀಟು ಹಿಂದಕ್ಕೂ ಹೋಗತ್ತೆ, ನನಗೆ ಸುಮಾರು ಒಂದೂವರೆ ಸೆಂಟಿಮೀಟರು. ಅಂದ್ರೆ ಅವನಿಗಿಂತ ಏಳು ಸೆಂಟಿಮೀಟರು ಗಿಡ್ಡ ಮುಂಡ ಇಟ್ಕೊಂಡ ನಾನು, ಅವನಿಗಿಂತ ದೂರಕ್ಕೆ, ಅವನಿಗಿಂತ ಆಳಕ್ಕೆ ಚಾಚಬೇಕು. ಕತ್ತು ಇನ್ನೇನಾಗತ್ತೆ ಪಾಪ? ಎಕ್ಸ್‌ರೇನಲ್ಲಿ ಇದೆಲ್ಲಿ ಕಾಣಬೇಕು?

ದೊಡ್ಡ ಸೈಜು ತಗೊಂಡ್ರೆ ಆಯ್ತಲ್ಲ ಅಂತೀರಾ? ಆಗಲ್ಲ. ಒಂದು ಸೈಜು ಮೇಲಕ್ಕೆ ಹೋದ್ರೆ ಮುಂಭಾಗ ಹೆಚ್ಚು ಕಮ್ಮಿ ಎರಡು ಸೆಂಟಿಮೀಟರು ಎತ್ತರ ಆಗತ್ತೆ, ಆದ್ರೆ ಜೊತೆಗೆ ಒಂದು ಸೆಂಟಿಮೀಟರು ಉದ್ದಾನೂ ಆಗತ್ತೆ. ಕಾಲಿಗಾಗಿ ಮೂರು ಸೈಜು ಏರಿದ್ರೆ ಬೆನ್ನು ಮೂರು ಸೆಂಟಿಮೀಟರು ಹೆಚ್ಚಿಗೆ ಚಾಚಬೇಕು. ರೆಡಿಮೇಡ್ ಅಂಗಿ ಇದ್ದಂಗೆ, ತೋಳು ಸರಿಹೋದ್ರೆ ಹೊಟ್ಟೆ ಹತ್ರ ಡೇರೆ.

ಆಮೇಲೆ ಕೈಗೆ ಸಿಕ್ಕಿದ್ದು ಸ್ಟ್ಯಾಕ್ ಮತ್ತು ರೀಚ್ ಅನ್ನೋ ಎರಡು ಅಂಕಿ. ಪೆಡಲ್ಲಿನ ನಡು ಅಚ್ಚಿನಿಂದ ನೇರ ಮೇಲಕ್ಕೆ, ಹ್ಯಾಂಡಲ್ ಕೂರೋ ಕೊಳವೆಯ ತುದಿಯ ಮಟ್ಟದವರೆಗೆ ಎಷ್ಟು ಅನ್ನೋದು ಸ್ಟ್ಯಾಕ್. ಅಲ್ಲಿಂದ ಅಡ್ಡಕ್ಕೆ ಆ ತುದಿಯವರೆಗೆ ಎಷ್ಟು ಅನ್ನೋದು ರೀಚ್. ಇದನ್ನ ಬಳಕೆಗೆ ತಂದೋರು ಡ್ಯಾನ್ ಎಂಪ್‌ಫೀಲ್ಡ್, ಟ್ರಯಥ್ಲಾನ್‌ಗೆ ಅಂತಲೇ ಮೊದಮೊದಲು ಸೈಕಲ್ ಮಾಡಿದ ಕ್ವಿಂಟಾನಾ ರೂ ಕಂಪನಿ ಶುರು ಮಾಡಿದವರು. S, M, L ಅನ್ನೋ ಅಕ್ಷರಗಳನ್ನ ಮರೆತು ಈ ಎರಡು ಅಂಕಿ ಇಟ್ಕೊಂಡು ನೋಡಿದ್ರೆ, ಒಂದೇ ಮೀಡಿಯಮ್ ಹೆಸರಿನ ಸೈಕಲ್ಲುಗಳಲ್ಲಿ ಕೆಲವು ಉದ್ದ-ತಗ್ಗು, ಕೆಲವು ಗಿಡ್ಡ-ಎತ್ತರ ಅಂತ ಕಾಣತ್ತೆ. ನನ್ನಂಥ ಕೊಕ್ಕರೆಗಳಿಗೆ ಎರಡನೇ ಜಾತಿ ಬೇಕು.

ಬೆಂಗಳೂರಲ್ಲೇ ಅಳತೆ ಮಾಡೋರೊಬ್ರ ಹತ್ರ ಹೋದೆ. ಅವರ ಹತ್ರ ಚಕ್ರ ಇಲ್ಲದ ಒಂದು ಸೈಕಲ್ಲು, ಎಲ್ಲಾ ಕಡೆ ತಿರುಪು. ತುಳೀತಾ ಇರೋವಾಗ್ಲೇ ಹಿಂದೆ-ಮುಂದೆ, ಮೇಲೆ-ಕೆಳಗೆ ಮಾಡ್ತಾರೆ. ಎರಡು ಗಂಟೆ ಆಯ್ತು. ಸೀಟು ಮುಂದೆ ಬಂತು, ಪ್ಯಾಡು ಗೆಳೆಯನದಕ್ಕಿಂತ 8 ಸೆಂ.ಮೀ. ಮೇಲೆ, 4 ಸೆಂ.ಮೀ. ಹತ್ತಿರ ಬಂತು. "ಸಾರ್, ಈಗ ಭುಜ ಬಿಡಿ" ಅಂದ್ರು. ಬಿಟ್ಟೆ. ಮೂಳೆ ಮೇಲೆ ಭಾರ ಕೂತ್ಕೊಂಡ್ತು. ಕತ್ತು ಇದೆ ಅನ್ನೋದೇ ಮರೆತು ಹತ್ತು ನಿಮಿಷ ತುಳಿದೆ. ಸುಳ್ಳು ಹೇಳಲ್ಲ, ಕಣ್ಣು ಸ್ವಲ್ಪ ಒದ್ದೆ ಆಯ್ತು.

ಆ ಅಂಕಿಗಳ ಚೀಟಿ ಹಿಡ್ಕೊಂಡು ಸೆಕೆಂಡ್ ಹ್ಯಾಂಡ್ ಸೈಕಲ್ ಹುಡುಕೋಕೆ ಎರಡು ತಿಂಗಳು. ಕೆಲವು ದುಬಾರಿ ಮಾದರಿಗಳಲ್ಲಿ ಹ್ಯಾಂಡಲ್ ಹಿಡಿದಿರೋ ಸ್ಟೆಮ್ಮು ಫ್ರೇಮಿನದೇ ಭಾಗ, ಬೇರೆ ಅಳತೆಯದು ಹಾಕೋದು ಕಷ್ಟ. ಅಂಥವನ್ನ ಕೈಬಿಟ್ಟೆ. ಕೊನೆಗೆ ಸಿಕ್ಕಿದ್ದು ಹಳೇ ಅಲ್ಯೂಮಿನಿಯಂ ಫ್ರೇಮು, ಮಾಮೂಲಿ ಸ್ಟೆಮ್ಮು. ಅದನ್ನ ಬಿಚ್ಚಿ ಗಿಡ್ಡದು ಹಾಕ್ದೆ. ಕೆಳಗೆ ಎರಡು ಸೆಂಟಿಮೀಟರಿನ ಬಳೆ ಹಾಕ್ದೆ. ಆ ಕೊಳವೆ ಹಿಂದಕ್ಕೆ ವಾಲಿರತ್ತಲ್ಲ, ಒಂದು ಸೆಂಟಿಮೀಟರು ಏರಿಸಿದ್ರೆ ಮೂರು ಮಿಲಿಮೀಟರು ಹತ್ತಿರಾನೂ ಬರತ್ತೆ, ನಮ್ಮಂಥೋರಿಗೆ ಪುಕ್ಕಟೆ ಲಾಭ. ಉಳಿದ ಎತ್ತರಕ್ಕೆ ಪ್ಯಾಡಿನ ಕೆಳಗೆ ಒಂದರ ಮೇಲೊಂದು ಬಿಲ್ಲೆ. ಮಾಮೂಲಿ ರೇಸ್ ಸೈಕಲ್ಲಿನಲ್ಲಿ ಈ ಅನುಕೂಲ ಇಲ್ಲ. ನೋಡೋಕೆ ಮಾತ್ರ ಚೂರೂ ಚಂದ ಇಲ್ಲ. ಗೆಳೆಯ "ಏನ್ ಗುರೂ, ಟಾಂಗಾ ಕಟ್ಟಿದೀಯ?" ಅಂದ.

ಗೋವಾಕ್ಕೆ ಪೆಟ್ಟಿಗೆಯಲ್ಲಿ ಬಿಚ್ಚಿ ತುಂಬೋ ಮೊದಲು ಸೀಟಿನ ಕೊಳವೆಗೆ, ಬಾರಿಗೆ, ಎಲ್ಲಾ ಕಡೆ ಇನ್ಸುಲೇಷನ್ ಟೇಪು ಸುತ್ತಿ ಗುರುತು ಮಾಡಿದ್ದೆ. ಮೀರಾಮಾರಿನ ಹೋಟೆಲ್ ರೂಮಿನಲ್ಲಿ ಕೂತು ಚೀಟಿ ನೋಡ್ಕೊಂಡು ಟೇಪಿನಲ್ಲಿ ಮೂರು ಸಲ ಅಳೆದೆ. ಥೇಟ್ ನಮ್ಮ ಟೈಲರ್ ಥರ. 90 ಕಿ.ಮೀ.ಗೆ 3 ಗಂಟೆ 12 ನಿಮಿಷ ತಗೊಂಡೆ. ನೀರು ಕುಡಿಯೋಕೆ, ತಿರುವಿಗೆ ಬಿಟ್ರೆ ಉಳಿದಷ್ಟೂ ಹೊತ್ತು ಪ್ಯಾಡಿನ ಮೇಲೇ ಇದ್ದೆ. ಸೈಕಲ್ ಇಳಿದು ಕತ್ತು ಎಡಕ್ಕೆ ತಿರುಗಿಸಿದೆ, ತಿರುಗ್ತು. ಬಲಕ್ಕೆ ತಿರುಗಿಸಿದೆ, ತಿರುಗ್ತು. ಆಮೇಲೆ ಆ ಬಿಸಿಲಲ್ಲಿ 21 ಕಿ.ಮೀ. ಓಟ... ಅದರಲ್ಲಿ ಅರ್ಧ ನಡೆದೆ, ಅದು ಬೇರೆ ಕಥೆ.