ರುಸ್ತಾಕಿನಲ್ಲಿ ಉಣ್ಣೆಯ ಕೈಗವಸು

ರುಸ್ತಾಕಿನಲ್ಲಿ ಕುಳಿತು ಉಣ್ಣೆಯ ಕೈಗವಸು ಹೆಣೆದೆನೆಂದರೆ ಕೇಳಿದವರು ಮೊದಲು ನಗುತ್ತಾರೆ. ನಗುವುದು ಸಹಜವೇ. ಒಮಾನಿನ ದಕ್ಷಿಣ ಬಾತಿನಾ ಪ್ರಾಂತ್ಯದ ಈ ಊರು ಹಜರ್ ಪರ್ವತಗಳ ಬುಡದಲ್ಲಿದೆ. 1624ರಲ್ಲಿ ನಾಸಿರ್ ಬಿನ್ ಮುರ್ಷಿದ್ ಇಮಾಮನಾಗಿ ಆಯ್ಕೆಯಾದದ್ದು ಇಲ್ಲಿಯೇ. ಪುರಾತನ ಕೋಟೆ, ಖರ್ಜೂರದ ತೋಟಗಳು, ಐನ್ ಅಲ್ ಕಸ್ಫಾ ಎಂಬ ಬಿಸಿನೀರಿನ ಬುಗ್ಗೆ ಇದರ ಹೆಗ್ಗುರುತುಗಳು. ಜೂನ್ ತಿಂಗಳಲ್ಲಿ ಬುಗ್ಗೆಯ ನೀರಿಗೂ ಹೊರಗಿನ ಗಾಳಿಗೂ ಹೆಚ್ಚಿನ ಅಂತರವಿರುವುದಿಲ್ಲ. ಎರಡೂ 45 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ.

ಆದರೆ ನನ್ನ ಮೊಮ್ಮಗಳಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಅಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಆರು ವರ್ಷದ ಆಕೆ ಒಂದು ದಿನ ಫೋನಿನ ಪರದೆಯಲ್ಲಿ ನನ್ನ ಇಳಕಲ್ ಸೀರೆಯ ಕಸೂತಿಯನ್ನು ಕಂಡು, ಆ ಹೂವು ತನ್ನ ಕೈಗವಸಿನ ಮೇಲೂ ಬೇಕೆಂದು ಎರಡು ಭಾಷೆಗಳನ್ನು ಬೆರೆಸಿ ಕೇಳಿದಳು. ನಾನು ಆಗಲೆನ್ನುವುದಕ್ಕೆ ಮೊದಲು ಅವಳ ವಾಕ್ಯವನ್ನು ತಿದ್ದಿದೆ. ಅದು ನನ್ನ ರೂಢಿ. ಅವಳು ಸುಮ್ಮನಾಗಿ ಫೋನನ್ನು ತಾಯಿಯ ಕೈಗಿತ್ತಳು. ಅದೂ ಅವಳ ರೂಢಿಯಾಗತೊಡಗಿತ್ತು.

ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಕಸೂತಿ ಹಾಕುತ್ತಿದ್ದಳು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸೀಕಟ್ಟೆಗಳನ್ನು ಮೂಡಿಸಬೇಕು. ಗಂಟು ಹಾಕಬಾರದು, ಗವಂತಿಯಲ್ಲಂತೂ ಹಿಂಬದಿಯೂ ಮುಂಬದಿಯಂತೆಯೇ ಇರಬೇಕು. ನಾನು ಹಾಕಿದ್ದನ್ನು ಅವ್ವ ಮೊದಲು ತಿರುಗಿಸಿ ಹಿಂಬದಿಯನ್ನೇ ನೋಡುತ್ತಿದ್ದಳು. ಎಳೆ ಸ್ವಲ್ಪ ಸಡಿಲವಾದರೂ ಬಿಚ್ಚಿಸುತ್ತಿದ್ದಳು.

ಮಗಳು ಬಿಳಿ ಮತ್ತು ಕೆಂಪು ಉಣ್ಣೆಯನ್ನು ಕಳುಹಿಸಿದಳು. ಜತೆಗೆ ನಾರ್ವೆಯ ಸೆಲ್ಬು ಎಂಬ ಊರಿನ ಕೈಗವಸುಗಳ ಮಾದರಿಪುಸ್ತಕವೂ ಬಂತು. 1857ರಲ್ಲಿ ಮಾರಿತ್ ಎಂಬ ಹುಡುಗಿ ಎಂಟು ದಳದ ನಕ್ಷತ್ರವನ್ನು ಎರಡು ಬಣ್ಣಗಳಲ್ಲಿ ಹೆಣೆದದ್ದೇ ಆ ಕಲೆಯ ಆರಂಭವೆಂದು ಅಲ್ಲಿಯವರು ಹೇಳುತ್ತಾರೆ. ಹೆಬ್ಬೆರಳಿಗೊಂದು ಪ್ರತ್ಯೇಕ ಮನೆ, ಉಳಿದ ನಾಲ್ಕು ಬೆರಳುಗಳಿಗೆ ಒಂದೇ ಕೋಣೆ. ಚೌಕುಳಿ ಹಾಳೆಯ ಮೇಲಿನ ಆ ನಕ್ಷೆಯನ್ನು ಕಂಡಾಗ ಅವ್ವನ ಕಸೂತಿಯನ್ನೇ ಕಂಡಂತಾಯಿತು. ಎಣಿಸಲು ಬರುತ್ತದೆ, ಇನ್ನೇನು ಕಷ್ಟ ಎಂದುಕೊಂಡೆ.

ಐದು ಕಡ್ಡಿಗಳ ಮೇಲೆ ಸುತ್ತುಸುತ್ತಾಗಿ ಹೆಣೆಯುವಾಗ ಎರಡು ನೂಲುಗಳೂ ಜತೆಯಲ್ಲಿಯೇ ಸಾಗಬೇಕು. ಕೆಂಪು ಮುಂದೆ ಕಾಣಿಸುವಾಗ ಬಿಳಿಯದು ಒಳಬದಿಯಲ್ಲಿ ತನ್ನ ಸರದಿಗಾಗಿ ಕಾಯುತ್ತ ಅಡ್ಡಲಾಗಿ ಸಾಗುತ್ತದೆ. ಕಸೂತಿಯ ಅಭ್ಯಾಸದಂತೆ ನಾನು ಒಳಬದಿಯ ಎಳೆಯನ್ನು ಬಿಗಿಯಾಗಿ ಎಳೆದೆ. ಹದಿನೈದು ದಿನಗಳ ದುಡಿಮೆಯ ಬಳಿಕ ಸಿದ್ಧವಾದದ್ದು ಒಣಗಿದ ಹಾಗಲಕಾಯಿಯಂತಹ ಒಂದು ವಸ್ತು. ಹೂವು ಮುದುಡಿತ್ತು, ಒಳಗೆ ಮೂರು ಬೆರಳೂ ಹೋಗದು. ಬಿಚ್ಚಿದೆ.

ನೆರೆಮನೆಯ ಒಮಾನಿ ಮಹಿಳೆ ಕುಮ್ಮಾ ಹೊಲಿಯುವುದರಲ್ಲಿ ನಿಪುಣೆ. ಒಮಾನಿ ಪುರುಷರು ಧರಿಸುವ ಆ ಕಸೂತಿ ಟೋಪಿಯಲ್ಲಿ ಗಾಳಿಯಾಡಲೆಂದು ಸೂಜಿಯಿಂದ ಸಣ್ಣ ಸಣ್ಣ ರಂಧ್ರಗಳನ್ನು ಕಟ್ಟುತ್ತಾರೆ. ನನ್ನ ಎರಡನೆಯ ಪ್ರಯತ್ನ ಅರ್ಧವಾಗಿದ್ದಾಗ ಆಕೆ ಅದನ್ನು ಒಳಮಗ್ಗುಲಾಗಿ ತಿರುಗಿಸಿ, ಅಡ್ಡ ಎಳೆಗಳ ಮೇಲೆ ಬೆರಳಾಡಿಸಿ, ‘ಶ್ವಯ್ ಶ್ವಯ್’ ಎಂದಳು. ನಿಧಾನ, ಮೆಲ್ಲಗೆ. ಬಳಿಕ ಕಡ್ಡಿಯ ಮೇಲಿನ ಕುಣಿಕೆಗಳನ್ನು ಅಗಲವಾಗಿ ಹರಡಿ, ಆಮೇಲೆ ನೂಲನ್ನು ದಾಟಿಸುವಂತೆ ಸನ್ನೆ ಮಾಡಿ ತೋರಿಸಿದಳು. ಅಂದಿನಿಂದ ಹೂವು ಅರಳಿತು.

ಸಿದ್ಧವಾದ ಮೊದಲನೆಯದನ್ನು ತೊಳೆದು ಹದಗೊಳಿಸಲು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು ತಿಕ್ಕಿದೆ. ಬೇಸಗೆಯಲ್ಲಿ ಆ ನಲ್ಲಿಯಲ್ಲಿ ಬರುವುದು ತಾರಸಿಯ ತೊಟ್ಟಿಯಲ್ಲಿ ಕಾದ ನೀರು. ಗೀಸರನ್ನು ಆರಿಸಿಟ್ಟು ಅದರಲ್ಲಿ ತಣಿದ ನೀರನ್ನು ನಾವು ಬಳಸುವುದು ಅದಕ್ಕಾಗಿಯೇ. ಇಷ್ಟು ವರ್ಷ ಗಲ್ಫಿನಲ್ಲಿದ್ದೂ ಆ ಕ್ಷಣದಲ್ಲಿ ಮರೆತೆ. ಬಿಸಿನೀರಿನಲ್ಲಿ ತಿಕ್ಕಿದ ಉಣ್ಣೆಯ ನಾರುಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ, ಮತ್ತೆ ಬಿಡಿಸಲಾಗದು. ಕೈಗವಸು ಕಂಬಳಿಯ ತುಂಡಾಯಿತು, ಗೊಂಬೆಯ ಕೈಗೆ ಹಿಡಿಸುವಷ್ಟು ಕುಗ್ಗಿತು. ಅಂದು ಅತ್ತೆನೆಂದು ಹೇಳಲು ನಾಚಿಕೆಯಿಲ್ಲ.

ಅದೇ ವಾರ ಮೊಮ್ಮಗಳು ಕಾಗದದ ಮೇಲೆ ತನ್ನ ಅಂಗೈಯ ಗೆರೆ ಬರೆದು ತೋರಿಸಿ, ‘ಅಜ್ಜೀ, ನನ್ನ ಕೈ ದೊಡ್ಡವಳು ಆಗಿದೆ’ ಎಂದಳು. ಒಂದು ಚಳಿಗಾಲ ಆಗಲೇ ಕಳೆದಿತ್ತು. ನನ್ನ ಹೆಣಿಗೆಗಿಂತ ಅವಳ ಕೈ ವೇಗವಾಗಿ ಬೆಳೆದಿತ್ತು. ತಿದ್ದುವ ಮಾತು ನಾಲಗೆಯ ತುದಿಗೆ ಬಂತು. ಮುದುಡಿದ ಆ ಹೂವು ನೆನಪಾಗಿ ಸುಮ್ಮನಾದೆ. ‘ಎಷ್ಟು ದೊಡ್ಡವಳು?’ ಎಂದು ಕೇಳಿದೆ. ಅವಳು ನಕ್ಕು, ತನ್ನ ಶಾಲೆ, ಹಿಮ, ಬಿದ್ದ ಹಲ್ಲು ಎಲ್ಲವನ್ನೂ ತಪ್ಪುತಪ್ಪು ಕನ್ನಡದಲ್ಲಿ ಅರ್ಧ ಗಂಟೆ ಹೇಳಿದಳು. ಅಷ್ಟು ಹೊತ್ತು ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

ಕುಣಿಕೆಗಳನ್ನು ಹೆಚ್ಚಿಸಿಕೊಂಡು ಮೂರನೆಯ ಬಾರಿ ಆರಂಭಿಸಿದೆ. ಉದ್ದನೆಯ ಎಳೆಗಳಿಗೆ ಮಗುವಿನ ಬೆರಳು ಸಿಕ್ಕಿಕೊಳ್ಳದಿರಲೆಂದು ಐದು ಕುಣಿಕೆಗಳಿಗೊಮ್ಮೆ ಅವುಗಳನ್ನು ಹಿಡಿದು ಹಾಕಿದೆ. ಈ ಸಮ್ಮೇಳನಕ್ಕೆ ಬರುವಾಗ ಆ ಜೊತೆ ನನ್ನ ಪೆಟ್ಟಿಗೆಯಲ್ಲಿರುತ್ತದೆ. ಕುಗ್ಗಿದ ಆ ಒಂಟಿ ಕೈಗವಸು ರುಸ್ತಾಕಿನ ಮನೆಯಲ್ಲಿ ಸೂಜಿಡಬ್ಬಿಯಲ್ಲಿ ಉಳಿಯುತ್ತದೆ. ಅವ್ವ ಇದ್ದಿದ್ದರೆ ಹೊಸದನ್ನು ತಿರುಗಿಸಿ, ಒಳಬದಿಯ ಸಡಿಲ ಎಳೆಗಳನ್ನು ಕಂಡು ಬಿಚ್ಚೆನ್ನುತ್ತಿದ್ದಳು. ಇದೊಂದನ್ನು ಮಾತ್ರ ಬಿಚ್ಚುವುದಿಲ್ಲವೆಂದು ಅವಳಿಗೆ ಹೇಳುತ್ತಿದ್ದೆ.