ಕೆಂಪಿಗೆ ಖಾರವಿಲ್ಲ

ನಮ್ಮ ಆಫೀಸಿನಲ್ಲಿ ಕೆಂಪು ಕಂಡರೆ ಎಲ್ಲರಿಗೂ ಭಯ. ಡ್ಯಾಶ್‌ಬೋರ್ಡ್ ಹಸಿರಾಗಿ ಇರೋ ತನಕ ಕಾಫಿ, ಹರಟೆ, ಕ್ರಿಕೆಟ್ಟು. ಒಂದೇ ಒಂದು ಚೌಕ ಕೆಂಪಾಯಿತೋ, ಮ್ಯಾನೇಜರ್ ಫೋನು ಬಂತು ಅಂತಲೇ ಲೆಕ್ಕ. ಕೋಡ್ ರಿವ್ಯೂ ತೆರೆದರೂ ಅಷ್ಟೇ. ಹೊಸದಾಗಿ ಸೇರಿಸಿದ ಸಾಲಿಗೆ ಹಸಿರು, ಅಳಿಸಿ ಹಾಕಿದ ಸಾಲಿಗೆ ಕೆಂಪು. ಹತ್ತು ವರ್ಷ ಇದನ್ನೇ ನೋಡಿ ನೋಡಿ ನನಗೂ ಕೆಂಪು ಅಂದ್ರೆ ಎಲ್ಲೋ ಏನೋ ಎಡವಟ್ಟಾಗಿದೆ ಅಂತಲೇ ಆಗಿಬಿಟ್ಟಿದೆ.

ಒಮ್ಮೆ ಷೇರುಪೇಟೆಯ ಏರಿಳಿತ ತೋರಿಸುವ ಸ್ಕ್ರೀನ್ ಒಂದನ್ನು ಮಾಡುತ್ತಿದ್ದೆವು. ಚೀನಾದ ಗ್ರಾಹಕರಿಗೆ ಬಣ್ಣ ಅದಲು ಬದಲು ಮಾಡಿ ಅಂತ ಹೇಳಿಕಳಿಸಿದರು. ಅಲ್ಲಿ ಷೇರು ಏರಿದರೆ ಕೆಂಪು, ಇಳಿದರೆ ಹಸಿರು. ನಮಗೆ ನಷ್ಟದ ಬಣ್ಣ, ಅವರಿಗೆ ಲಾಭದ ಬಣ್ಣ. ನಾವು ಕಾನ್ಫಿಗ್ ಫೈಲಿನಲ್ಲಿ ಎರಡು ಸಾಲು ತಿದ್ದಿದೆವು, ಕೆಲಸ ಮುಗಿಯಿತು. ಐದು ನಿಮಿಷ ಕೂಡ ಹಿಡಿಯಲಿಲ್ಲ.

ನಮ್ಮ ಮನೆಯಲ್ಲಿ ಇಂಥದೇ ಒಂದು ಸಾಲು ತಿದ್ದುವುದಕ್ಕೆ ಹದಿಮೂರು ವರ್ಷ ಹಿಡಿಯಿತು. ಅದೂ ನಾನು ತಿದ್ದಲು ಹೊರಟ ಹಾಗೆ ಆಗಲಿಲ್ಲ.

ನಮ್ಮೂರು ಬ್ಯಾಡಗಿಯ ಹತ್ತಿರದ ಒಂದು ಹಳ್ಳಿ. ಜನವರಿ ಬಂತೆಂದರೆ ಸುತ್ತಮುತ್ತ ಎಲ್ಲಿ ನೋಡಿದರೂ ಕೆಂಪು. ಕಣದಲ್ಲಿ, ಮಾಳಿಗೆ ಮೇಲೆ, ಒಮ್ಮೊಮ್ಮೆ ಡಾಂಬರು ರಸ್ತೆಯ ಅರ್ಧದ ತನಕ ಮೆಣಸಿನಕಾಯಿ ಹರಡಿರುತ್ತಿದ್ದರು. ಸೋಮವಾರ, ಗುರುವಾರದ ಸಂತೆಯ ದಿನ ಬ್ಯಾಡಗಿ ಮಾರುಕಟ್ಟೆಗೆ ಹೋದರೆ ಚೀಲಗಳ ಗುಡ್ಡ. ಹೊರಗಿನಿಂದ ಬಂದವರು ಒಳಗೆ ಕಾಲಿಟ್ಟ ಕೂಡಲೇ ಸೀನು ಶುರು ಮಾಡುತ್ತಿದ್ದರು. ಅವರನ್ನು ನೋಡಿ ನಗುವುದೇ ನಮಗೆ ಹುಡುಗರಿಗೆ ಆಟ.

ತಮಾಷೆ ಅಂದರೆ, ಅಷ್ಟೆಲ್ಲ ಘಾಟಿದ್ದರೂ ಬ್ಯಾಡಗಿ ಮೆಣಸಿನಕಾಯಿ ತಿನ್ನಲಿಕ್ಕೆ ಅಂಥ ಖಾರವಲ್ಲ. ಗುಂಟೂರಿನದರ ಮುಂದೆ ಇದು ಸಾಧು ಪ್ರಾಣಿ. ಖಾರ ಕೊಡುವ ಅಂಶ ಕ್ಯಾಪ್ಸೈಸಿನ್, ಅದು ಹೆಚ್ಚಾಗಿ ಇರುವುದು ಕಾಯಿಯ ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ಭಾಗದಲ್ಲಿ. ಕೆಂಪು ಕೊಡುವುದು ಕ್ಯಾಪ್ಸಾಂಥಿನ್, ಅದು ಸಿಪ್ಪೆಯಲ್ಲಿ. ಎರಡಕ್ಕೂ ಸಂಬಂಧವೇ ಇಲ್ಲ. ಬ್ಯಾಡಗಿಯಲ್ಲಿ ಮೊದಲನೆಯದು ಕಡಿಮೆ, ಎರಡನೆಯದು ಧಾರಾಳ. ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ, ಗಿಡ್ಡಕ್ಕೆ ದುಂಡಗಿರುವುದು ಡಬ್ಬಿ. ಡಬ್ಬಿಗೆ ಬಣ್ಣ ಇನ್ನೂ ಜಾಸ್ತಿ, ರೇಟೂ ಜಾಸ್ತಿ. 2011ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಇದರಿಂದ ತೆಗೆಯುವ ಓಲಿಯೋರೆಸಿನ್ ಅನ್ನೋ ಬಣ್ಣದ ಸಾರ ಲಿಪ್‌ಸ್ಟಿಕ್ಕಿಗೆ, ಉಗುರು ಬಣ್ಣಕ್ಕೆ ಹೋಗುತ್ತದೆ. ಅಂದರೆ ನಮ್ಮೂರ ಕಡೆಯ ಮೆಣಸಿನಕಾಯಿ ಯಾವುದೋ ಊರಿನಲ್ಲಿ ಯಾರದೋ ತುಟಿಯ ಮೇಲೂ ಇರಬಹುದು. ತುಟಿ ಉರಿಯುವುದಿಲ್ಲ, ಯಾಕಂದರೆ ಕೆಂಪಿಗೆ ಖಾರವಿಲ್ಲ.

ಹಾಗೆ ನೋಡಿದರೆ ಈ ಕೆಂಪು ನಮ್ಮ ಅಡುಗೆಗೆ ಹಳೆಯದೂ ಅಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗಿನಲ್ಲಿ ಬಂದು ಐನೂರು ವರ್ಷ ಆಗಿರಬಹುದು ಅಷ್ಟೇ. ಅದಕ್ಕೂ ಮುಂಚೆ ಖಾರ ಅಂದರೆ ಕರಿಮೆಣಸು. ರೊಟ್ಟಿ ಜತೆ ಕೆಂಪಿಂಡಿ ಇಲ್ಲದಿದ್ದರೆ ಊಟವೇ ಅಲ್ಲ ಅನ್ನುವ ನಮ್ಮ ಮಂದಿಗೆ ಇದನ್ನು ಹೇಳಿದರೆ ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಎಲ್ಲಿಂದಲೋ ಬಂದದ್ದನ್ನು ನಮ್ಮದು ಅಂದುಕೊಳ್ಳೋದು ಎಷ್ಟು ಸಲೀಸು! ಒಮ್ಮೆ ನಮ್ಮದಾದ ಮೇಲೆ ಪ್ರಶ್ನೆ ಕೇಳುವುದು ಮಾತ್ರ ಕಷ್ಟ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಮುಂದಿನ ಕಾರ್ಯಗಳ ಮಧ್ಯೆ ಒಂದು ದಿನ ಹೆಂಗಸರೆಲ್ಲ ಅವ್ವನನ್ನು ಒಳಗೆ ಕೂರಿಸಿಕೊಂಡರು. ಬಾಗಿಲ ಸಂದಿಯಲ್ಲಿ ನನಗೆ ಕಂಡದ್ದು ಇಷ್ಟು: ದೊಡ್ಡವ್ವ ಒದ್ದೆ ಬಟ್ಟೆಯಿಂದ ಅವ್ವನ ಹಣೆ ಒರೆಸುತ್ತಿದ್ದಳು. ಒಮ್ಮೆ ಒರೆಸಿದರೆ ಸಾಕಿತ್ತು. ವರ್ಷಗಟ್ಟಲೆ ಇಟ್ಟುಕೊಂಡ ಕುಂಕುಮ, ಚರ್ಮಕ್ಕೇ ಇಳಿದಿತ್ತೋ ಏನೋ, ಮತ್ತೆ ಮತ್ತೆ ಒರೆಸಿದಳು. ಅವ್ವ ಅಳಲಿಲ್ಲ. ಸುಮ್ಮನೆ ಮುಖ ಒಡ್ಡಿ ಕೂತಿದ್ದಳು. ಮರುದಿನದಿಂದ ಆ ಹಣೆಯ ಮೇಲೆ ವಿಭೂತಿ ಮಾತ್ರ.

ಅದೇ ವರ್ಷ ಅವ್ವ ಬ್ಯಾಡಗಿಯ ಗೋದಾಮೊಂದಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗತೊಡಗಿದಳು. ಇಂತಿಷ್ಟು ಕೆಜಿಗೆ ಇಂತಿಷ್ಟು ಅಂತ ಕೂಲಿ. ಸಂಜೆ ಮನೆಗೆ ಬಂದರೆ ಬೆರಳು, ಅಂಗೈ, ಉಗುರಿನ ಸಂದಿ ಎಲ್ಲ ಕೆಂಪು. ಕಮ್ಮಿ ಖಾರದ ಕಾಯಿಯೇ ಆದರೂ ದಿನವಿಡೀ ಅದರಲ್ಲೇ ಕೈಯಾಡಿಸಿದರೆ ಉರಿಯದೆ ಇರುತ್ತದೆಯೇ? ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗುತ್ತಿದ್ದಳು. ನನ್ನ ಬಿಇ ಫೀಸು, ಹಾಸ್ಟೆಲ್ಲು, ಅಕ್ಕನ ಮದುವೆ ಎಲ್ಲ ನಡೆದದ್ದು ಎರಡು ಎಕರೆ ಹೊಲ ಮತ್ತು ಆ ಕೈಗಳಿಂದ.

ಅಕ್ಕನ ಮದುವೆಯ ದಿನ ಆರತಿ ಹೊತ್ತಿಗೆ ಯಾರೋ ಹಿರಿಯರು, "ಮುತ್ತೈದೆರು ಮುಂದ ಬರ್ರೆವ್ವಾ" ಅಂತ ಕರೆದರು. ಅವ್ವ ತಾನಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಳು. ನಾನು ನೋಡಿದೆ. ಬಿಇ ಮೂರನೇ ವರ್ಷದ ಹುಡುಗ, ಹಾಸ್ಟೆಲ್ಲಿನಲ್ಲಿ ಮಧ್ಯರಾತ್ರಿ ತನಕ ಸಮಾನತೆ ಬಗ್ಗೆ ವಾದ ಮಾಡುತ್ತಿದ್ದವನು. ಅವತ್ತು ಬಾಯಿ ಬಿಡಲಿಲ್ಲ. ಊಟದ ಪಂಕ್ತಿಗೆ ನೀರು ಬಡಿಸಲು ಹೋದೆ.

ಆಮೇಲೆ ಬೆಂಗಳೂರು, ಕೆಲಸ, ಪಿಜಿ. ಫೆಬ್ರವರಿಯಲ್ಲಿ ಇಲ್ಲಿ ಇನ್ನೊಂದು ಕೆಂಪಿನ ಸುಗ್ಗಿ. ಬೆಂಗಳೂರಿನ ಸುತ್ತಲಿನ ಪಾಲಿಹೌಸುಗಳ ಗುಲಾಬಿ ವ್ಯಾಲೆಂಟೈನ್ಸ್ ಡೇಗೆ ಮುಂಚೆ ಪೆಟ್ಟಿಗೆ ಪೆಟ್ಟಿಗೆಯಾಗಿ ವಿಮಾನ ಹತ್ತುತ್ತದೆ, ಊರಲ್ಲಿ ಉಳಿದದ್ದಕ್ಕೆ ರೇಟು ಏರುತ್ತದೆ. ನಮ್ಮ ಟೀಮಿನಲ್ಲಿ ಕುಂದಾಪುರದ ಹುಡುಗಿಯೊಬ್ಬಳಿದ್ದಳು. ಆರು ತಿಂಗಳಿಂದ ಜತೆಗೆ ಕಾಫಿ ಕುಡಿಯುತ್ತಿದ್ದೆವು, ಅದಕ್ಕಿಂತ ಮುಂದಕ್ಕೆ ಮಾತು ಹೋಗಿರಲಿಲ್ಲ. ಗುಲಾಬಿ ಕೊಡೋಣ ಅಂತ ಅಂಗಡಿ ತನಕ ಹೋದೆ, ಧೈರ್ಯ ಬರಲಿಲ್ಲ. ಊರಿಂದ ಆಗಷ್ಟೇ ಬಂದಿದ್ದೆ, ಬ್ಯಾಗಿನಲ್ಲಿ ಅವ್ವ ಕುಟ್ಟಿಸಿ ಕೊಟ್ಟ ಖಾರದ ಪುಡಿ ಇತ್ತು. ಅದರಲ್ಲೇ ಒಂದು ಪೊಟ್ಟಣ ಕೊಟ್ಟೆ.

"ಎಂತ ಇದು?" ಅಂದಳು. ಬಿಚ್ಚಿ ಮೂಸಿ ನೋಡಿದಳು. "ಬ್ಯಾಡಗಿ ಅಲ್ವಾ? ನಮ್ಮನೇಲಿ ಬ್ಯಾಡಗಿ ಇಲ್ದೆ ಮಸಾಲೆ ಅರೆಯೋದೇ ಇಲ್ಲ ಮಾರಾಯ!"

ಮುಂದೆ ಅವಳ ಜತೆ ಮೊದಲ ಸಲ ಕುಂದಾಪುರದ ಘೀ ರೋಸ್ಟ್ ನೋಡಿದೆ. ತುಪ್ಪದಲ್ಲಿ ಮಿಂದು ಅಷ್ಟು ಕೆಂಪಗೆ ಹೊಳೆಯುತ್ತಿದ್ದದ್ದು ನಮ್ಮೂರ ಕಡೆಯ ಮೆಣಸಿನಕಾಯಿ! ಕೋಳಿ ತಿನ್ನದ ನನಗೆ ಪನೀರಿನದು ತರಿಸಿಕೊಟ್ಟಳು. ನಾವು ಬೆಳೆದು, ಒಣಗಿಸಿ, ಚೀಲ ಹೊಲಿದು ಕಳಿಸಿದ ಕಾಯಿಗೆ ಘಟ್ಟದ ಕೆಳಗೆ ಇಂಥದೊಂದು ಸಂಸಾರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗುಲಾಬಿ ಆಗಿದ್ದರೆ ಎರಡು ದಿನಕ್ಕೆ ಬಾಡುತ್ತಿತ್ತು. ಖಾರದ ಪುಡಿ ನಾಲ್ಕು ತಿಂಗಳು ಬಂತು. ಮುಗಿದ ಮೇಲೆ "ಇನ್ನೊಂದು ಪೊಟ್ಟಣ ತಾ" ಅಂದಳು. ನಮ್ಮ ಪ್ರೇಮ ನಿವೇದನೆ ಅಂತ ಏನಾದರೂ ಆಗಿದ್ದರೆ ಅದು ಅಷ್ಟೇ.

ಮದುವೆ ಮಾತು ಗಟ್ಟಿಯಾದ ಮೇಲೆ ಒಮ್ಮೆ ಊರಿಗೆ ಬಂದಿದ್ದಳು. ಪಕ್ಕದ ಮನೆಯ ಸೀಮಂತಕ್ಕೆ ಎಲ್ಲರೂ ಹೋದರು, ಅವ್ವ ಹೋಗಲಿಲ್ಲ. ಯಾಕೆ ಅಂತ ಕೇಳಿದಳು. ನಾನು ಡಾಕ್ಯುಮೆಂಟೇಶನ್ ಓದಿದ ಹಾಗೆ, "ನಮ್ಮ ಕಡೆ ಪದ್ಧತಿ" ಅಂದೆ.

"ಪದ್ಧತಿ ಸರಿ. ನೀ ಎಂತ ಹೇಳ್ತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಅವ್ವನ ಮುಂದೆ ಹೋಗಿ ನಿಂತೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ದೊಡ್ಡ ಕ್ರಾಂತಿಕಾರಿಯ ಹಾಗೆ, "ಅವ್ವಾ, ನನ್ನ ಮದುವ್ಯಾಗ ನೀ ಕುಂಕುಮ ಹಚ್ಚಿಕೋಬೇಕು. ಯಾರ ಏನರ ಅನ್ಲಿ, ನಾ ನೋಡ್ಕೋತೀನಿ" ಅಂದೆ.

ಅವ್ವನ ಕೈ ನಿಂತಿತು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಸಿಟ್ಟಾದಳು.

"ನಿಮ್ಮಪ್ಪ ಹ್ವಾದಾಗ ನನ್ನ ಯಾರೂ ಕೇಳಲಿಲ್ಲ, ಒರಸಿದ್ರು. ಈಗ ನೀನೂ ಕೇಳಲಾರದ ಹಚ್ಚಾಕ ಬಂದಿ."

"ಕೇಳಾಕತ್ತೀನಲ್ಲ ಅವ್ವಾ."

"ಇದು ಕೇಳೂದಲ್ಲ ತಮ್ಮಾ, ಹೇಳೂದು."

ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ತೋಚಿದ್ದನ್ನೇ ಕೇಳಿದೆ. "ಹಂಗಾರ ನಿನಗ ಏನ್ ಬೇಕು, ಹೇಳು."

ಇನ್ನೂ ಎರಡು ರೊಟ್ಟಿ ಬೇಯುವ ತನಕ ಮಾತಾಡಲಿಲ್ಲ. ಆಮೇಲೆ ಹಂಚಿನ ಕಡೆಗೇ ನೋಡುತ್ತ ಅಂದಳು. "ಸೊಸಿನ್ನ ನಾನ ಒಳಗ ಕರಕೋಬೇಕು."

ಹೈಸ್ಕೂಲು ಲ್ಯಾಬಿನಲ್ಲಿ ಅರಿಶಿನದ ಕಾಗದ ಮಾಡಿದ್ದು ನಿಮಗೂ ನೆನಪಿರಬಹುದು. ಅಥವಾ ಬಿಳಿ ಅಂಗಿಯ ಮೇಲಿನ ಸಾಂಬಾರ್ ಕಲೆಗೆ ಸೋಪು ಹಚ್ಚಿದ ಕೂಡಲೇ ಅದು ಕೆಂಪಾಗಿ ಗಾಬರಿಯಾದದ್ದು. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪು, ಮತ್ತೆ ನಿಂಬೆಹುಳಿ ಬಿದ್ದರೆ ವಾಪಸ್ ಹಳದಿ. ಆರತಿಯ ಕೆಂಪು ನೀರು ಅದೇ, ಅರಿಶಿನ ಮತ್ತು ಸುಣ್ಣ. ಹಳೇ ಪದ್ಧತಿಯಲ್ಲಿ ಮಾಡುವ ಕುಂಕುಮದ ಮೂಲವೂ ಅರಿಶಿನವೇ. ಎಲೆ ಅಡಿಕೆ ಮೆಲ್ಲುವಾಗಲೂ ಸುಣ್ಣ ಸೇರಿದರೇ ಬಾಯಿ ಕೆಂಪು. ಬಾಯಿ ಎಷ್ಟು ಕೆಂಪಾದರೆ ಅಷ್ಟು ಪ್ರೀತಿ ಅಂತ ನಮ್ಮ ಕಡೆ ಹೊಸ ಮದುಮಕ್ಕಳನ್ನು ಕಾಡಿಸುತ್ತಾರೆ. ಆದರೆ ಕೆಂಪು ಪ್ರೀತಿಯಿಂದ ಬಂದದ್ದಲ್ಲ, ಸುಣ್ಣದಿಂದ ಬಂದದ್ದು. ಪ್ರೀತಿ, ಶುಭ, ಅಶುಭ ಅಂತೆಲ್ಲ ಹೆಸರಿಟ್ಟವರು ನಾವು.

ಮದುವೆ ಮುಗಿಸಿ ಮನೆ ಬಾಗಿಲಿಗೆ ಬಂದೆವು. ಅವ್ವ ತಟ್ಟೆಯಲ್ಲಿ ನೀರು ಹಾಕಿ ಅರಿಶಿನ ಕಲಸಿದ್ದಳು. ಚಿಟಿಕೆ ಸುಣ್ಣ ಹಾಕಿದಳು. ಕೈ ಸ್ವಲ್ಪ ನಡುಗುತ್ತಿತ್ತು. ಹಿಂದೆ ಯಾರೋ ಗುಸುಗುಸು ಅಂದದ್ದು ನನಗೂ ಕೇಳಿಸಿತು, ಅವ್ವನಿಗೂ ಕೇಳಿಸಿರಬೇಕು. ನಾನು ತಿರುಗಿ ಏನಾದರೂ ಅನ್ನಬೇಕು ಅನ್ನುವಷ್ಟರಲ್ಲಿ ಗುಂಪಿನಿಂದ ದೊಡ್ಡವ್ವ ಮುಂದೆ ಬಂದಳು. ಅವತ್ತು ಹಣೆ ಒರೆಸಿದ ಅದೇ ದೊಡ್ಡವ್ವ. ದೊಡ್ಡಪ್ಪ ಹೋಗಿ ಮೂರು ವರ್ಷವಾಗಿತ್ತು, ಅವಳ ಹಣೆಯ ಮೇಲೂ ಈಗ ವಿಭೂತಿಯೇ. ತಟ್ಟೆಯೊಳಗೆ ಬಗ್ಗಿ ನೋಡಿ, "ಸುಣ್ಣ ಸಾಲದು, ಇನ್ನ ಸ್ವಲ್ಪ ಹಾಕು" ಅಂದಳು.

ಅವ್ವ ಹಾಕಿದಳು. ಹಳದಿ ನೀರು ನೋಡ ನೋಡುತ್ತ ಕೆಂಪಾಯಿತು. ಇಬ್ಬರೂ ಸೇರಿ ತಟ್ಟೆ ಹಿಡಿದು ನಮಗೆ ಆರತಿ ಎತ್ತಿದರು. ನನ್ನ ಹೆಂಡತಿ ಸೇರು ಒದ್ದು ಒಳಗೆ ಬಂದಳು. ಮದುವೆಯಾಗಿ ಆರು ವರ್ಷವಾಯಿತು, ಯಾರಿಗೂ ಏನೂ ಆಗಿಲ್ಲ.

ಈಗ ವರ್ಷಕ್ಕೊಮ್ಮೆ, ಹೊಸ ಮೆಣಸಿನಕಾಯಿ ಬಂದಾಗ, ಅವ್ವ ಚೀಲದ ಜತೆ ಬೆಂಗಳೂರಿಗೆ ಬರುತ್ತಾಳೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅವಳು ಮೆಣಸಿನಕಾಯಿ ಹುರಿದರೆ ಮೂರನೇ ಮಹಡಿಯವರೂ ಸೀನುತ್ತಾರೆ. ಕಳೆದ ಸಲ ಹೆಂಡತಿ ಆಫೀಸಿಗೆ ಹೊರಟಾಗ ಅವ್ವ ತಡೆದಳು.

"ಹಿಂಗ ಬೋಳ ಹಣೀಲೆ ಹೊಂಟಿಯಲ್ಲವಾ, ಒಂದು ಕುಂಕುಮ ಇಟ್ಕೊಂಡ ಹೋಗು."

"ನೀವು ಇಟ್ಕೊಳ್ಳಿ ಅತ್ತೆ, ಆಗ ನಾನೂ ಇಟ್ಕೊಳ್ತೇನೆ."

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಇಂಥ ಜಾಗದಲ್ಲಿ ಬಾಯಿ ಹಾಕಬಾರದು ಅಂತ ಕಲಿತಿದ್ದೇನೆ. ಅವ್ವ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು, ಆಮೇಲೆ ನಕ್ಕಳು.

"ನನಗ ಈಗ ಹಚ್ಚಿಕೊಂಡರ ಹಣಿ ತುರಸ್ತೈತಿ. ನೀ ಹೋಗವಾ, ಬಸ್ ತಪ್ಪತೈತಿ."

ಇಬ್ಬರೂ ಇಟ್ಟುಕೊಳ್ಳಲಿಲ್ಲ. ಅವ್ವ ಈಗಲೂ ವಿಭೂತಿಯೇ. ಆದರೆ ಊರಿನಲ್ಲಿ ಸೀಮಂತ, ತೊಟ್ಟಿಲು ಏನೇ ಆದರೂ ಹೋಗುತ್ತಾಳಂತೆ, ದೊಡ್ಡವ್ವನನ್ನೂ ಎಬ್ಬಿಸಿಕೊಂಡು. ಆರತಿ ನೀರಿಗೆ ಎಷ್ಟು ಸುಣ್ಣ ಅನ್ನೋದು ಇವರಿಬ್ಬರಿಗೇ ಸರಿಯಾಗಿ ಗೊತ್ತು ಅಂತ ಈಗ ಕೆಲವರು ಮನೆಗೇ ಬಂದು ಕರೆಯುತ್ತಾರೆ, ಅಂತ ಅಕ್ಕ ಫೋನಿನಲ್ಲಿ ಹೇಳಿದಳು.