ಇಷಾಪುರದ ಬಂದೂಕು ಮತ್ತು ನನ್ನ ಅಧಿಕಪ್ರಸಂಗ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ರಿಲೀಸು, ಬಗ್ಗು, ಮಾಮೂಲಿ ಗೋಳು ಬಿಡಿ. ಇವತ್ತು ಬರೀತಿರೋದು ಬಂದೂಕಿನ ವಿಷಯ. ಆನೆಪಟಾಕಿ ಹಚ್ಚೋಕೂ ಉದ್ದದ ಊದುಬತ್ತಿ ಹುಡುಕುತ್ತಿದ್ದ ಮಗ ಬಂದೂಕಿನ ಬಗ್ಗೆ ಬರೀತಾನೆ ಅಂದ್ರೆ ಅಮ್ಮ ಬಿದ್ದು ಬಿದ್ದು ನಗ್ತಾಳೆ :-)

ನಾನಿರೋದು ಟೆಕ್ಸಾಸಿನಲ್ಲಿ. ನಮ್ಮ ಟೀಮಿನಲ್ಲಿ ಅರವತ್ತರ ಹತ್ತಿರದ ಒಬ್ಬರಿದ್ದಾರೆ. ಮನಸ್ಸಿನಲ್ಲೇ ಅವರಿಗೆ ದೊಡ್ಡಪ್ಪ ಅಂತ ಹೆಸರಿಟ್ಟಿದ್ದೀನಿ. ಅವರಿಗೆ ಹಳೇ ಮಿಲಿಟರಿ ರೈಫಲ್ ಕೂಡಿಡೋ ಹುಚ್ಚು. "ನಿಮ್ಮ ದೇಶದ್ದೂ ಒಂದಿದೆ, ನೋಡ್ತೀಯಾ?" ಅಂದ್ರು. ಶನಿವಾರ ಶೂಟಿಂಗ್ ರೇಂಜಿಗೆ ಹೋದೆ. ಎಚ್1ಬಿ ವೀಸಾದವನಿಗೆ ಬಂದೂಕು ಹಿಡಿಯೋ ಉಸಾಬರಿ ಯಾಕೆ ಅಂತ ಕೈಕಟ್ಟಿ ದೂರ ನಿಂತು ಫೋಟೋ ಮಾತ್ರ ತೆಗೀತಿದ್ದೆ.

ಚೀಲದಿಂದ ಹೊರಬಂದ ಬಂದೂಕಿನ ಮೇಲೆ ಆರ್.ಎಫ್.ಐ. ಅನ್ನೋ ಮುದ್ರೆ, ಜೊತೆಗೆ 7.62 ಎಂಎಂ 2ಎ1, 1967. ಆರ್.ಎಫ್.ಐ. ಅಂದ್ರೆ ರೈಫಲ್ ಫ್ಯಾಕ್ಟರಿ ಇಷಾಪುರ, ಕಲ್ಕತ್ತೆ ಹತ್ತಿರದ್ದು. ಊರಿಂದ ಇಷ್ಟು ದೂರ ಅದನ್ನ ನೋಡಿ ಎದೆ ಉಬ್ಬಿಬಿಡ್ತು.

ದೊಡ್ಡಪ್ಪ ಅಂಗಡಿಯಿಂದ ತಂದ .308 ವಿಂಚೆಸ್ಟರ್ ಗುಂಡಿನ ಡಬ್ಬಿ ಬಿಚ್ಚಿದ್ರು. ಅಷ್ಟರಲ್ಲಿ ಪಕ್ಕದ ಮೇಜಿನವನು ಬಂದು, "ಅದನ್ನ ಇದರಲ್ಲಿ ಹೊಡೀಬೇಡಿ. ಇದು ಹಳೇ .303 ಬಂದೂಕಿಗೆ ಹೊಸ ನಳಿಗೆ ಹಾಕಿದ್ದು. 7.62 ನೇಟೋ ಗುಂಡಿನ ಒತ್ತಡ 50,000, ನಿಮ್ಮ ಗುಂಡಿನದು 62,000. ಇಂಡಿಯನ್ ಕಬ್ಬಿಣ, ಮುಖಕ್ಕೇ ಸಿಡಿಯುತ್ತೆ" ಅಂದ. ದೊಡ್ಡಪ್ಪ ಏನೂ ಮಾತಾಡದೆ ಬಂದೂಕನ್ನ ಚೀಲಕ್ಕೆ ಹಾಕಿದ್ರು. ನನಗೆ ಮಾತ್ರ ಆ "ಇಂಡಿಯನ್ ಕಬ್ಬಿಣ" ಅನ್ನೋದು ಚುಚ್ಚಿಬಿಡ್ತು.

ಸರಿ, ರಾತ್ರಿ ಎರಡು ಗಂಟೆವರೆಗೂ ಕೂತು ಓದಿದೆ. ಮೊದಲನೇದಾಗಿ, ಅದು .303ಗೆ ತೇಪೆ ಹಾಕಿದ ಬಂದೂಕೇ ಅಲ್ಲ. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಲಿದ್ದದ್ದು .303 ಲೀ-ಎನ್‌ಫೀಲ್ಡ್. ಆಮೇಲೆ ಇಷಾಪುರದಲ್ಲಿ ಅದೇ ನಮೂನೆಯನ್ನ 7.62 ನೇಟೋ ಗುಂಡಿಗೆ ಹೊಂದಿಸಿ, ಹೆಚ್ಚು ಗಟ್ಟಿಯಾದ ಉಕ್ಕಿನಲ್ಲಿ, ಚೌಕನೆಯ ಮ್ಯಾಗಜೀನ್ ಹಾಕಿ ಹೊಸದಾಗೇ ಮಾಡಿದ್ರು.

ಎರಡನೇದು ಕೇಳಿದ್ರೆ ನೀವೂ ತಲೆ ಚಚ್ಚಿಕೊಳ್ತೀರ. 50,000 ಮತ್ತು 62,000 ಒಂದೇ ಅಳತೆಯಲ್ಲಿ ಅಳೆದದ್ದಲ್ಲ! ಹಿಂದೆ ಒತ್ತಡ ಅಳೀತಿದ್ದದ್ದು ತಾಮ್ರದಿಂದ. ಗುಂಡು ಕೂರೋ ಚೇಂಬರಿಗೆ ತೂತು ಕೊರೆದು, ಅದರಲ್ಲಿ ಪುಟ್ಟ ಪಿಸ್ಟನ್ ಇಟ್ಟು, ಅದರ ಮೇಲೊಂದು ತಾಮ್ರದ ತುಂಡು. ಗುಂಡು ಹಾರಿದಾಗ ತಾಮ್ರ ಎಷ್ಟು ಜಜ್ಜಿತು ಅನ್ನೋದರ ಮೇಲೆ ಲೆಕ್ಕ. ಒತ್ತಡ ಏರಿ ಇಳಿಯೋ ವೇಗಕ್ಕೆ ತಾಮ್ರ ಸರಿಯಾಗಿ ಸ್ಪಂದಿಸಲ್ಲ, ಹಾಗಾಗಿ ಕಡಿಮೆ ತೋರಿಸುತ್ತೆ. ಈಗ ಪೀಜೋ ಸೆನ್ಸರ್ ಬಳಸ್ತಾರೆ. .308ನ ಮಿತಿ ತಾಮ್ರದಲ್ಲಿ 52,000, ಪೀಜೋದಲ್ಲಿ 62,000 ಪಿ.ಎಸ್.ಐ. ನೇಟೋ ಗುಂಡಿನ ಆ 50,000 ತಾಮ್ರದ ಲೆಕ್ಕ. ಸೈನ್ಯದ ಕಾಗದಗಳಲ್ಲಿ ಅದರ ಮುಂದೆ ಪಿ.ಎಸ್.ಐ. ಅಂತಲೇ ಬರೆದಿದ್ರು, ಎಡವಟ್ಟಾಗಿದ್ದು ಅಲ್ಲೇ. ನೇಟೋದ ಪೀಜೋ ಮಿತಿ 415 ಮೆಗಾಪ್ಯಾಸ್ಕಲ್, ಅಂದ್ರೆ ಸುಮಾರು 60,200 ಪಿ.ಎಸ್.ಐ. ಅಂತರ 12,000 ಅಲ್ಲ, ಎರಡು ಸಾವಿರದ ಆಸುಪಾಸು ಅಷ್ಟೇ!

1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಹಾಳಾಗಿದ್ದೂ ಇಂಥದ್ದೇ ಕಾರಣಕ್ಕೆ. ಒಂದು ಕಡೆ ಪೌಂಡ್ ಲೆಕ್ಕ, ಇನ್ನೊಂದು ಕಡೆ ನ್ಯೂಟನ್ ಲೆಕ್ಕ. ಯೂನಿಟ್ ಬಗ್ ಹಿಡಿದ ಖುಷಿಗೆ ಆಗಿಂದಾಗಲೇ ದೊಡ್ಡಪ್ಪನಿಗೆ ಮೈಲ್ ಕುಟ್ಟಿದೆ. "ಅವನ ಲೆಕ್ಕ ತಪ್ಪು. ಧೈರ್ಯವಾಗಿ ಹೊಡೀರಿ." ಸಾಕ್ಷಿಗೆ ನಾನೇ ತೆಗೆದ ಫೋಟೋಗಳನ್ನೂ ಅಂಟಿಸಿದ್ದೆ.

ಸೋಮವಾರ ಅವರು ನನ್ನ ಸೀಟಿಗೆ ಬಂದ್ರು. "ಲೆಕ್ಕ ಚೆನ್ನಾಗಿದೆ. ಆದ್ರೆ ನಿನ್ನ ಮೂರನೇ ಫೋಟೋ ದೊಡ್ಡದು ಮಾಡಿ ನೋಡು" ಅಂದ್ರು. ನೋಡಿದೆ. ಬೋಲ್ಟಿನ ಮೇಲೊಂದು ನಂಬರು, ಬಂದೂಕಿನ ಮೇಲೆ ಇನ್ನೊಂದು. ಸೈನ್ಯದಿಂದ ಹೊರಬಂದ ಮೇಲೆ ಎಲ್ಲೋ ಯಾರೋ ಇದಕ್ಕೆ ಬೇರೆ ಬಂದೂಕಿನ ಬೋಲ್ಟು ಹಾಕಿದ್ದಾರೆ. ಕೊಂಡಾಗಿನಿಂದ ಅವರೂ ಅದನ್ನ ಗಮನಿಸಿರಲಿಲ್ಲವಂತೆ.

ಆ ವಾರ ಬಂದೂಕು ರಿಪೇರಿ ಮಾಡುವವನ ಹತ್ತಿರ ಇಬ್ಬರೂ ಹೋದ್ವಿ. ಅವನ ಬಳಿ ಗುಂಡಿನ ಆಕಾರದ ಮೂರು ಉಕ್ಕಿನ ಗೇಜುಗಳು: ಗೋ, ನೋ-ಗೋ, ಫೀಲ್ಡ್. ಬೋಲ್ಟು ಮುಚ್ಚಿದಾಗ ಅದಕ್ಕೂ ಚೇಂಬರಿನ ಭುಜಕ್ಕೂ ನಡುವಿನ ಜಾಗ ನೋಡೋಕೆ. ಆ ಜಾಗಕ್ಕೆ ಹೆಡ್‌ಸ್ಪೇಸ್ ಅಂತಾರೆ. .308ಗೆ ಗೋ ಗೇಜು 1.630 ಇಂಚು, ನೇಟೋಗೆ 1.635. ವ್ಯತ್ಯಾಸ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ! ಜಾಗ ಜಾಸ್ತಿ ಇದ್ರೆ ಹಿತ್ತಾಳೆಯ ತೋಟಾ ಹಿಗ್ಗಿ, ಬುಡದ ಹತ್ತಿರ ಹರಿದು, ಬಿಸಿ ಗ್ಯಾಸು ಹಿಂದಕ್ಕೆ ನುಗ್ಗಬಹುದು. ಮಿಲಿಟರಿ ತೋಟಾದ ಗೋಡೆ ಸಾಮಾನ್ಯವಾಗಿ ದಪ್ಪ, ಸ್ವಲ್ಪ ತಡೆಯುತ್ತೆ. ಅಂಗಡಿಯದು ಅಷ್ಟು ತಡೆಯಲ್ಲ.

ಫೀಲ್ಡ್ ಗೇಜಿನ ಮೇಲೆ ಬೋಲ್ಟು ಮುಚ್ಚಬಾರದು. ಆ ಬೋಲ್ಟು ಬೆಣ್ಣೆಯಂತೆ ಮುಚ್ಚಿಕೊಂಡಿತು. ನೇಟೋ ಫೀಲ್ಡ್ ಗೇಜಿನ ಮೇಲೂ.

ನನ್ನ ಕೈಕಾಲು ತಣ್ಣಗಾಯ್ತು. ಕಾರಲ್ಲಿ ವಾಪಸ್ ಬರುವಾಗ "ಸಾರಿ" ಅಂದೆ. ದೊಡ್ಡಪ್ಪ ರಸ್ತೆ ನೋಡ್ತಾನೇ ಹೇಳಿದ್ರು: "ನೀನು ಬರೆದದ್ದು ಇಷಾಪುರದ ಬಂದೂಕುಗಳ ಬಗ್ಗೆ. ನನ್ನ ಹತ್ತಿರ ಇರೋದು ಒಂದೇ ಬಂದೂಕು."

ಅದೀಗ ಅವರ ಗೋಡೆ ಮೇಲಿದೆ. ಸರಿಯಾದ ಬೋಲ್ಟು ಹೊಂದಿಸೋವರೆಗೂ ಅಲ್ಲೇ ಇರುತ್ತಂತೆ. ಪಕ್ಕದ ಮೇಜಿನವನು ಹೇಳಿದ ಕಾರಣಗಳೆಲ್ಲ ತಪ್ಪು, ಆದ್ರೆ ಹೊಡೀಬೇಡಿ ಅಂದದ್ದು ಮಾತ್ರ ಸರಿ. ನಾನು ಕೊಟ್ಟ ಕಾರಣಗಳೆಲ್ಲ ಸರಿ, ಹೊಡೀರಿ ಅಂದದ್ದು ತಪ್ಪು. ದೇಶದ ಮಾನ ಕಾಯೋಕೆ ಹೊರಟವನು ಒಬ್ಬ ಮನುಷ್ಯನ ಮುಖವನ್ನ ಪಣಕ್ಕಿಟ್ಟಿದ್ದೆ.

ಆ ಮೈಲನ್ನ ಇನ್ನೂ ಡಿಲೀಟ್ ಮಾಡಿಲ್ಲ, ಆಗಾಗ ತೆಗೆದು ಓದ್ಕೋತೀನಿ. ವಾದ ಗೆದ್ದು ಹೀಗೆ ಬೆವರಿದ ಅನುಭವ ನಿಮಗೂ ಆಗಿದ್ಯಾ? ಆಗಿದ್ರೆ ಹೇಳಿ, ಒಬ್ಬನೇ ಪೆದ್ದ ಅಲ್ಲ ಅಂತ ಸಮಾಧಾನ ಮಾಡ್ಕೋತೀನಿ.